ಹೊಗೆಯಟ್ಟದಿಂದ ಓವನ್ನಿಗೆ

ಶಿವಮೊಗ್ಗೆಯ ಹೆಸರು ಒಲೆಯ ಮೇಲಿನ ಮಡಕೆಯೊಂದರಿಂದ ಹುಟ್ಟಿತೆಂದು ಒಂದು ಐತಿಹ್ಯವಿದೆ. ತುಂಗೆಯ ದಡದಲ್ಲಿ ತಪಸ್ಸಿಗೆ ಕುಳಿತಿದ್ದ ದೂರ್ವಾಸ ಮುನಿಗಳು ಮೂಲಿಕೆಗಳನ್ನು ಮಣ್ಣಿನ ಮೊಗೆಯಲ್ಲಿ ಹಾಕಿ ಸದಾ ಕುದಿಸುತ್ತಿದ್ದರಂತೆ. ಅತ್ತ ಸುಳಿದ ದನಗಾಹಿಗಳು ಅದರ ರುಚಿ ನೋಡಿ, ‘ಸಿಹಿ ಮೊಗೆ’ ಎಂದು ಬಾಯಿ ಚಪ್ಪರಿಸಿದರಂತೆ. ಶಬ್ದಶಾಸ್ತ್ರಜ್ಞರು ಇದನ್ನು ಒಪ್ಪಲಿ, ಬಿಡಲಿ. ಅನ್ಯರ ಒಲೆಯ ಮೇಲೆ ಏನು ಬೇಯುತ್ತಿದೆಯೆಂದು ಇಣುಕಿ ನೋಡುವ ಕುತೂಹಲ ಮಾತ್ರ ಆ ದನಗಾಹಿಗಳ ಕಾಲಕ್ಕೇ ಮುಗಿಯಲಿಲ್ಲವೆಂಬುದನ್ನು ಊರಿನವರೆಲ್ಲ ಒಪ್ಪುತ್ತಾರೆ.

ದುರ್ಗಿಗುಡಿಯ ಬೀದಿಯಲ್ಲಿ ಸಂಜೆಯ ಹೊತ್ತು ನಡೆದುಹೋಗುವವರಿಗೆ ಈ ಕುತೂಹಲ ಮೂಗಿನ ಮೂಲಕವೇ ಕೆರಳುತ್ತದೆ. ಜವಳಿ ಅಂಗಡಿಗಳ ದೀಪ, ಚಿನ್ನ ಬೆಳ್ಳಿಯ ಮಳಿಗೆಗಳ ಕನ್ನಡಿ, ದುರ್ಗಮ್ಮನ ಗುಡಿಯ ಕಡೆಯಿಂದ ತೇಲಿ ಬರುವ ಹೂವು ಕರ್ಪೂರಗಳ ಪರಿಮಳ, ಅದರ ಬೆನ್ನಿಗೇ ಬೇಕರಿಯಿಂದ ಹೊರಬಿದ್ದ ಬನ್ನಿನ ಬಿಸಿ ವಾಸನೆ. ಬೇಕರಿಯ ಭಟ್ಟಿ ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಅದು ಹಿಂಬದಿಯಲ್ಲಿದ್ದು, ಕಾವನ್ನು ತನ್ನ ಇಟ್ಟಿಗೆಯ ಗೋಡೆಗಳಲ್ಲಿ ಬಚ್ಚಿಟ್ಟುಕೊಂಡು, ಸುತ್ತಲಿನಿಂದಲೂ ಸಮನಾಗಿ ಬೇಯಿಸುತ್ತದೆ. ಒಂದು ತಲೆಮಾರಿನ ಹಿಂದೆ ಮಧ್ಯಮ ವರ್ಗದ ಗೃಹಿಣಿಗೆ ಅಂತಹ ಒಲೆಯ ಒಡೆತನ ಕನಸಿನ ಮಾತಾಗಿತ್ತು. ಇಂದು ಅದು ಟ್ರಂಕಿನ ಗಾತ್ರಕ್ಕೆ ಇಳಿದು, ಗಾಜಿನ ಬಾಗಿಲು ತೊಟ್ಟು, ವಿದ್ಯುತ್ತಿನ ತಂತಿ ಹಿಡಿದು, ಅಡಿಗೆಯ ಕಟ್ಟೆಯ ಮೂಲೆಯಲ್ಲಿ ಬಂದು ಕುಳಿತಿದೆ. ಮಗಳ ಹುಟ್ಟುಹಬ್ಬದ ಕೇಕಿಗೆಂದು ಕೊಂಡದ್ದು. ಕೇಕಿನ ಉತ್ಸಾಹ ಇಳಿದ ಮೇಲೆ ಅನೇಕ ಮನೆಗಳಲ್ಲಿ ಅದರೊಳಗೆ ರೊಟ್ಟಿಯ ಡಬ್ಬಿಗಳು ವಾಸಮಾಡುತ್ತಿವೆ.

ಇನ್ನು ಕೆಲವು ಮನೆಗಳಲ್ಲಿ ಅದಕ್ಕೆ ಬೇರೊಂದು ಕೆಲಸ ಸಿಕ್ಕಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ರಜಕ್ಕೆ ಬರುವಾಗ ಮಂಜುಗಡ್ಡೆಯ ಚೀಲದಲ್ಲಿ ಒಂದು ಪೊಟ್ಟಣ ತರುತ್ತಾನೆ. ಒಳಗೆ ಕೆಂಪು ಬಿಳಿ ಗೆರೆಗಳ ತೆಳುವಾದ ಪಟ್ಟಿಗಳು. ‘ಬೇಕನ್ ಬೇಕೇನಮ್ಮಾ?’ ಎಂದು ಅವನು ನಗುತ್ತಾನೆ. ತೀರ್ಥಹಳ್ಳಿಯ ಕಡೆಯ ದೊಡ್ಡ ಮನೆಯಲ್ಲಿ ಹುಟ್ಟಿ ಬೆಳೆದ ತಾಯಿ ಒಂದು ಪಟ್ಟಿಯನ್ನು ಎತ್ತಿ ಮೂಸಿ ನೋಡಿ, ‘ಇದು ನಮ್ಮ ಅಟ್ಟದ ಬಾಡಲ್ಲವೇನೋ!’ ಎಂದರೆ ಆಶ್ಚರ್ಯಪಡಬೇಕಾದದ್ದಿಲ್ಲ. ಮೂಗು ಸುಳ್ಳು ಹೇಳುವುದಿಲ್ಲ. ಬೇಕನ್ ಎಂಬುದು ಹಂದಿಯ ಹೊಟ್ಟೆಯ ಭಾಗದ ಮಾಂಸಕ್ಕೆ ಉಪ್ಪು ಹಿಡಿಸಿ, ಹೊಗೆಯಾಡಿಸಿ, ತೆಳುವಾಗಿ ಕೊಯ್ದದ್ದು. ಹೆಸರು ಪರದೇಶದ್ದು, ಉಪ್ಪು, ಹೊಗೆ, ಹಂದಿ ಮೂರೂ ಮಲೆನಾಡಿಗೆ ಪರಕೀಯವಲ್ಲ.

ಮಳೆಯ ನಾಡಿನ ಉಪಾಯ

ಶಿವಮೊಗ್ಗೆ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು ೭,೦೦೦ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಬಯಲುಸೀಮೆಯವರು ಹಪ್ಪಳ ಸಂಡಿಗೆಯಿಂದ ಹಿಡಿದು ಮಾಂಸದವರೆಗೆ ಎಲ್ಲವನ್ನೂ ಬಿಸಿಲಿಗೆ ಒಪ್ಪಿಸಬಲ್ಲರು. ತಿಂಗಳುಗಟ್ಟಲೆ ಸೂರ್ಯನ ಮುಖ ಕಾಣದ ನಾಡಿನಲ್ಲಿ ಆ ಕೆಲಸವನ್ನು ಒಲೆಯೇ ಮಾಡಬೇಕು. ಆದುದರಿಂದ ಮಲೆನಾಡಿನ ಅಡಿಗೆಮನೆಯಲ್ಲಿ ಒಲೆಯ ನೆತ್ತಿಯ ಮೇಲೆ ಒಂದು ಅಟ್ಟ. ಮಳೆಗಾಲದ ಸೌದೆ, ಬಿತ್ತನೆಯ ಬೀಜ, ಉಪ್ಪಾಗೆಯ ಸಿಪ್ಪೆ ಇವೆಲ್ಲವೂ ಅಲ್ಲಿ ಹೊಗೆ ಕುಡಿಯುತ್ತ ಒಣಗುತ್ತಿದ್ದವು. ಅವುಗಳ ಪಕ್ಕದಲ್ಲಿಯೇ, ಉಪ್ಪು ಅರಿಸಿನ ಸವರಿ ಉದ್ದುದ್ದವಾಗಿ ಸೀಳಿದ ಮಾಂಸದ ಎಳೆಗಳು ತೂಗುತ್ತಿದ್ದವು. ಕೊಡಗಿನವರು ಇಂತಹ ಒಣಮಾಂಸವನ್ನು ‘ಒಣಕ್ಕೆರ್ಚಿ’ ಎನ್ನುತ್ತಾರೆ. ಕೊಡವ ಮಾತಿನಲ್ಲಿ ಇಂದಿಗೂ ಹಂದಿ ‘ಪಂದಿ’ಯೇ ಆಗಿದೆಯೆಂಬುದನ್ನು ಇಲ್ಲಿ ನೆನೆಯಬಹುದು. ಕನ್ನಡದಲ್ಲಿ ಪಕಾರವು ಹಕಾರವಾಗಿ ಶತಮಾನಗಳು ಕಳೆದರೂ, ಕೊಡಗಿನ ಅಡಿಗೆಮನೆಯಲ್ಲಿ ಹಳಗನ್ನಡದ ಪದ ಬಿಸಿಬಿಸಿಯಾಗಿ ಉಳಿದುಕೊಂಡಿದೆ.

ಹೊಗೆಗೆ ಈ ಶಕ್ತಿ ಎಲ್ಲಿಂದ ಬಂತು? ಇದಕ್ಕೆ ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ದುರ್ಗಿಗುಡಿಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಭದ್ರಾವತಿಗೆ ಹೋದರೆ ಸಾಕು. ಅಲ್ಲಿ ೧೯೨೩ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ, ಮೊದಲ ದಶಕಗಳಲ್ಲಿ ಕಲ್ಲಿದ್ದಲಿನ ಬದಲು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದಲೇ ಅದಿರನ್ನು ಕರಗಿಸುತ್ತಿತ್ತು. ಕಟ್ಟಿಗೆಯನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಎದ್ದ ಹೊಗೆಯನ್ನು ಆಕಾಶಕ್ಕೆ ಬಿಡದೆ ತಣಿಸಿ ಹಿಡಿದು, ಅದರಿಂದ ಮರದ ಮದ್ಯಸಾರ, ಅಸಿಟಿಕ್ ಆಮ್ಲದ ಲವಣ, ಟಾರು ಮೊದಲಾದವುಗಳನ್ನು ಬೇರ್ಪಡಿಸುತ್ತಿದ್ದರು. ಅಟ್ಟದ ಮೇಲಿನ ಮಾಂಸಕ್ಕೆ ತಗಲುತ್ತಿದ್ದುದೂ ಇದೇ ಜಾತಿಯ ವಸ್ತುಗಳೇ. ಹೊಗೆಯಲ್ಲಿನ ಆಮ್ಲಗಳೂ ಫೀನಾಲುಗಳೂ ಮಾಂಸದ ಮೇಲ್ಮೈಯಲ್ಲಿ ಕೂತು ಕೊಳೆಯಿಸುವ ಜೀವಾಣುಗಳನ್ನು ತಡೆಯುತ್ತವೆ. ಕೊಬ್ಬು ಕಮಟುವುದನ್ನು ನಿಧಾನಗೊಳಿಸುತ್ತವೆ. ಮಲೆನಾಡಿನ ಅಜ್ಜಿಯರು ಒಲೆಯ ಮೇಲೆ ನಡೆಸಿದ ರಸಾಯನಶಾಸ್ತ್ರವನ್ನು ಭದ್ರಾವತಿಯ ಎಂಜಿನಿಯರುಗಳು ಟನ್ನುಗಳ ಲೆಕ್ಕದಲ್ಲಿ ನಡೆಸಿದರೆಂದರೆ ತಪ್ಪಾಗದು.

ಭದ್ರಾವತಿಯ ಮಾತು ಬಂದುದರಿಂದ ಒಂದು ವಿನೋದವನ್ನು ಹೇಳಿಬಿಡಬಹುದು. ನಾವು ಬೀಡು ಕಬ್ಬಿಣವೆಂದು ಕರೆಯುವುದಕ್ಕೆ ಇಂಗ್ಲಿಷಿನಲ್ಲಿ ‘ಹಂದಿ ಕಬ್ಬಿಣ’ವೆಂದೇ ಹೆಸರು. ಕುಲುಮೆಯಿಂದ ಹರಿದುಬಂದ ಕಬ್ಬಿಣದ ರಸ ಮರಳಿನ ದೊಡ್ಡ ಕಾಲುವೆಯಿಂದ ಸಾಲಾದ ಸಣ್ಣ ಅಚ್ಚುಗಳಿಗೆ ಕವಲೊಡೆದು ತುಂಬುವ ನೋಟ, ತಾಯಿ ಹಂದಿಯ ಮೊಲೆಗೆ ಮರಿಗಳು ಸಾಲಾಗಿ ಬಾಯಿ ಹಚ್ಚಿದಂತೆ ಹಳೆಯ ಕಬ್ಬಿಣದ ಕೆಲಸಗಾರರ ಕಣ್ಣಿಗೆ ಕಂಡಿತಂತೆ.

ಹೊಗೆಯಟ್ಟ ಬರಿದಾದ ಬಗೆ

ಆ ಅಟ್ಟ ಈಗ ಬಹುತೇಕ ಬರಿದಾಗಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಶಿಕಾರಿಯ ಕಾಲ ಮುಗಿಯಿತು. ಕಾಡುಹಂದಿಯ ಸ್ಥಾನಕ್ಕೆ ಸಾಕಿದ ಹಂದಿ ಬಂತು. ಕುವೆಂಪು ಅವರ ಎರಡು ದೊಡ್ಡ ಕಾದಂಬರಿಗಳನ್ನು ಓದಿದವರಿಗೆ ಆ ಹಿಂದಿನ ಕಾಲದ ಚಿತ್ರವನ್ನು ಮತ್ತೆ ಬಿಡಿಸಿ ತೋರಿಸಬೇಕಾದ ಅಗತ್ಯವಿಲ್ಲ. ಅನಂತರ ಗ್ಯಾಸಿನ ಒಲೆ ಬಂತು. ೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅದು ಬಡವರ ಮನೆಗೂ ಕಾಲಿಟ್ಟಿತು. ಹೊಗೆಯಿಲ್ಲದ ಒಲೆಯ ಮೇಲೆ ಹೊಗೆಯಟ್ಟಕ್ಕೆ ಏನು ಕೆಲಸ?

ಇದಕ್ಕಾಗಿ ಕಣ್ಣೀರು ಸುರಿಸುವುದು ಸರಿಯಲ್ಲ. ಅಟ್ಟದ ಮಾಂಸವನ್ನು ಕಾಪಾಡಿದ ಅದೇ ಹೊಗೆ ಅದರ ಕೆಳಗೆ ದಿನಕ್ಕೆ ಐದಾರು ಗಂಟೆ ಕುಳಿತ ಹೆಂಗಸಿನ ಕಣ್ಣನ್ನೂ ಎದೆಯನ್ನೂ ಕೆಡಿಸಿತು. ಊದುಕೊಳವೆ ಊದಿ ಊದಿ ಕೆಮ್ಮು ಹಿಡಿಸಿಕೊಂಡ ತಾಯಂದಿರನ್ನು ಕಂಡ ಮಕ್ಕಳು, ಹಳೆಯ ಅಡಿಗೆಮನೆಯ ರುಚಿಯನ್ನು ಹೊಗಳುವಾಗ ತುಸು ತಡೆದು ಹೊಗಳಬೇಕು. ಆದರೆ ಒಂದು ವಿದ್ಯೆ ಕೈತಪ್ಪಿತೆಂಬುದು ಮಾತ್ರ ನಿಜ. ಉಪ್ಪು ಎಷ್ಟು, ಎಷ್ಟು ದಿನದ ಹೊಗೆ, ಯಾವ ಕಟ್ಟಿಗೆ, ನೆಣ ಎಷ್ಟಿರಬೇಕು, ಕೊಬ್ಬು ಕಮಟಿತೆಂದು ತಿಳಿಯುವ ಬಗೆ ಹೇಗೆ ಎಂಬ ಲೆಕ್ಕಗಳೆಲ್ಲ ಬರಹದಲ್ಲಿ ಇರಲಿಲ್ಲ, ಕೈಯಲ್ಲಿದ್ದವು.

ಊರಿನಿಂದ ಪೇಟೆಗೆ ಬಂದಾಗ ಇನ್ನೊಂದು ತೊಡಕು ಎದುರಾಯಿತು. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿಗಳ ಕಡೆಯಿಂದ ಮಕ್ಕಳ ಓದಿಗೆಂದು ಶಿವಮೊಗ್ಗೆಗೆ ಬಂದು ನೆಲಸಿದ ಸಂಸಾರಗಳಲ್ಲಿ ಅನೇಕಕ್ಕೆ ಹಂದಿಯ ಸಾರು, ಅಕ್ಕಿಯ ಕಡುಬು ಹಬ್ಬದ ಊಟ. ನೆಂಟರು ಬಂದಾಗ ಬಾಳೆಯ ಎಲೆಯ ಮೇಲೆ ಮರ್ಯಾದೆಯಿಂದ ಬಡಿಸುವ ಊಟ. ಪೇಟೆಯಲ್ಲಿ ಮನೆ ಬಾಡಿಗೆಗೆ ಕೇಳಲು ಹೋದಾಗ ಮೊದಲ ಪ್ರಶ್ನೆಯೇ, ‘ನಿಮ್ಮಲ್ಲಿ ಮಾಂಸಾಹಾರ ಉಂಟೋ?’ ಕೋಳಿ ಕುರಿಗಳಿಗೆ ಹೇಗೋ ರಿಯಾಯಿತಿ ದೊರೆತೀತು, ಹಂದಿಯ ಹೆಸರೆತ್ತುವಂತಿಲ್ಲ. ಹೀಗೆ ಊರಿನ ಹಬ್ಬ ಪೇಟೆಯಲ್ಲಿ ಗುಟ್ಟಾಯಿತು. ಕಿಟಕಿ ಮುಚ್ಚಿ, ಒಗ್ಗರಣೆಗೆ ಬೆಳ್ಳುಳ್ಳಿಯನ್ನು ಹೆಚ್ಚಾಗಿಯೇ ಹಾಕಿ, ಕುಕ್ಕರಿನ ಮೊದಲ ಕೂಗಿಗೇ ಎದೆ ಹಾರುವಂತೆ ಅಡಿಗೆ ಮಾಡಿದ ಗೃಹಿಣಿಯರು ಎಷ್ಟೋ ಮಂದಿ.

ಈ ಅಸಹ್ಯಕ್ಕೆ ಜಾತಿಯ ಕಟ್ಟುಪಾಡು ಮಾತ್ರವೇ ಕಾರಣವಲ್ಲ. ಪಟ್ಟಣವಾಸಿ ಕಂಡ ಹಂದಿ ಚರಂಡಿಯ ಹಂದಿ. ಮನುಷ್ಯನ ಮಲವನ್ನು ತಿಂದ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಗಂಟುಗಳಿರಬಹುದೆಂಬ ಅಂಜಿಕೆ ಆಧಾರವಿಲ್ಲದ್ದಲ್ಲ. ಆದರೆ ಇಲ್ಲಿ ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ಅರೆಬೆಂದ ಮಾಂಸದಲ್ಲಿನ ಗಂಟು ಮನುಷ್ಯನ ಕರುಳಿನಲ್ಲಿ ಹುಳುವಾಗಿ ಬೆಳೆಯುತ್ತದೆ. ಅದು ಒಂದು ರೋಗ. ಮಿದುಳಿಗೆ ಹೋಗಿ ಮೂರ್ಛೆ ತರುವುದು ಹುಳುವಿನ ಮೊಟ್ಟೆ. ಅದು ಬರುವುದು ಹುಳುವಿರುವ ಮನುಷ್ಯನ ಮಲದಿಂದ, ತೊಳೆಯದ ಕೈಯಿಂದ, ಕೊಳಕು ನೀರು ಕುಡಿದ ಸೊಪ್ಪಿನಿಂದ. ಹಂದಿಯನ್ನು ಕಣ್ಣೆತ್ತಿಯೂ ನೋಡದ ಶುದ್ಧ ಶಾಕಾಹಾರಿಗೂ ಈ ಎರಡನೆಯ ರೋಗ ಬಂದೀತು. ದೊಡ್ಡಿಯಲ್ಲಿ ಶುಚಿಯಾದ ಮೇವು ಕೊಟ್ಟು ಸಾಕಿದ ಬಿಳಿಯ ಯಾರ್ಕ್‌ಷೈರ್ ತಳಿಯ ಹಂದಿಗೂ ಚರಂಡಿಯಲ್ಲಿ ಅಲೆಯುವ ಹಂದಿಗೂ ಹೆಸರೊಂದೇ ಸಮಾನ. ಚೆನ್ನಾಗಿ ಬೆಂದ ಮಾಂಸದಲ್ಲಿ ಹುಳು ಬದುಕುವುದಿಲ್ಲ.

ಕಲ್ಯಾಣದ ಕೆಂಡ, ಮ್ಯೂನಿಚ್ಚಿನ ಕುರಿ

ಬೇಕನ್ನಿಗೆ ಈಗಿರುವ ರೂಪವನ್ನು ಕೊಟ್ಟವರು ಇಂಗ್ಲಿಷರು. ಅವರ ವಿಲ್ಟ್‌ಷೈರ್ ಪ್ರಾಂತದ ಕ್ಯಾಲ್ನ್ ಎಂಬ ಊರಿನ ಹ್ಯಾರಿಸ್ ಮನೆತನದವರು ೧೯ನೆಯ ಶತಮಾನದಲ್ಲಿ ಮಂಜುಗಡ್ಡೆಯಿಂದ ತಂಪುಗೊಳಿಸಿದ ಉಗ್ರಾಣದಲ್ಲಿ ಉಪ್ಪು ಹಿಡಿಸುವ ಕ್ರಮವನ್ನು ರೂಢಿಸಿ, ಬೇಸಗೆಯಲ್ಲಿಯೂ ಕಡಿಮೆ ಉಪ್ಪಿನ ಬೇಕನ್ ತಯಾರಿಸಿದರು. ಕರ್ನಾಟಕಕ್ಕೆ ಅದು ಬಂದದ್ದು ಬೆಂಗಳೂರಿನ ದಂಡುಪ್ರದೇಶದ ಮೂಲಕ ಮತ್ತು ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟದ ಬಂಗಲೆಗಳ ಮೂಲಕ.

ಆದರೆ ತೆಳುವಾಗಿ ಸೀಳಿದ ಹಂದಿಮಾಂಸವನ್ನು ಬೆಂಕಿಗೆ ಹಿಡಿದು ಗರಿಗರಿಯಾಗಿಸುವ ರುಚಿಯನ್ನು ಕನ್ನಡ ನಾಡು ಇಂಗ್ಲಿಷರಿಂದ ಕಲಿಯಬೇಕಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ೧೨ನೆಯ ಶತಮಾನದ ಮೊದಲ ಅರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಹಂದಿಯ ಅಡಿಗೆಗೆ ಗಣ್ಯವಾದ ಸ್ಥಾನವಿದೆ. ಹಂದಿಯ ಮೇಲೆ ಬಟ್ಟೆ ಹೊದಿಸಿ ಕುದಿನೀರು ಸುರಿದು ಕೂದಲು ಕೀಳುವುದು, ಇಲ್ಲವೇ ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡುವುದು, ಅನಂತರ ತುಂಡುಗಳನ್ನು ಕೆಂಡದ ಮೇಲೆ ಹುರಿಯುವುದು, ತಾಳೆಯ ಗರಿಯಂತೆ ತೆಳುವಾಗಿ ಕೊಯ್ಯುವುದು ಎಲ್ಲವನ್ನೂ ರಾಜನು ಯುದ್ಧ ಮತ್ತು ಸಂಗೀತಗಳಷ್ಟೇ ಗಂಭೀರವಾಗಿ ಹೇಳಿದ್ದಾನೆ. ಈ ಗ್ರಂಥದ ಆರಂಭದ ಭಾಗ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರಿನಿಂದ ೧೯೨೬ರಲ್ಲಿ ಮೈಸೂರಿನಲ್ಲಿಯೇ ಅಚ್ಚಾಯಿತು. ಅದನ್ನು ಸಂಪಾದಿಸಿದವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳೇ.

ಒಲೆಯ ಪೆಟ್ಟಿಗೆಯ ತತ್ತ್ವವೂ ಇಲ್ಲಿ ಹೊಸದಲ್ಲ. ೧೬ನೆಯ ಶತಮಾನದ ಆರಂಭದಲ್ಲಿ ಮಂಗರಸನು ಬರೆದ ‘ಸೂಪಶಾಸ್ತ್ರ’ ಕೇವಲ ಶಾಕಪಾಕದ ಗ್ರಂಥ. ಅಲ್ಲಿ ಬರುವ ‘ಮುಚ್ಚಳ ರೊಟ್ಟಿ’ಯನ್ನು ಬೇಯಿಸುವ ಬಗೆಯೆಂದರೆ ಕೆಳಗೂ ಕೆಂಡ, ಮುಚ್ಚಿದ ಮುಚ್ಚಳದ ಮೇಲೂ ಕೆಂಡ. ಮೇಲೊಂದು, ಕೆಳಗೊಂದು ಕಾಯುವ ಸರಳುಗಳಿರುವ ಇಂದಿನ ವಿದ್ಯುತ್ ಓವನ್ನನ್ನು ಕಂಡಿದ್ದರೆ ಮಂಗರಸ ಅದಕ್ಕೆ ಬೆರಗಾಗುತ್ತಿರಲಿಲ್ಲ. ಕೆಂಡ ಊದುವ ಕಷ್ಟ ತಪ್ಪಿತೆಂದು ಸಂತೋಷಪಡುತ್ತಿದ್ದನಷ್ಟೆ.

ಮುಚ್ಚಿದ ಒಲೆಯಲ್ಲಿ ಮೆಲ್ಲನೆಯ ಕಾವು ಮಾಂಸಕ್ಕೆ ಏನು ಮಾಡುತ್ತದೆಂಬುದನ್ನು ಶಾಸ್ತ್ರವಾಗಿ ವಿವೇಚಿಸಿದವನು ಕೌಂಟ್ ರಂಫೋರ್ಡ್. ಅಮೆರಿಕದಲ್ಲಿ ಹುಟ್ಟಿ ೧೮ನೆಯ ಶತಮಾನದ ಕೊನೆಯಲ್ಲಿ ಬವೇರಿಯಾದ ಮ್ಯೂನಿಚ್ಚಿನಲ್ಲಿ ಅಧಿಕಾರಿಯಾಗಿದ್ದ ಈತ, ಆಲೂಗೆಡ್ಡೆಯನ್ನು ಒಣಗಿಸಲು ತಾನೇ ಮಾಡಿಸಿದ ಯಂತ್ರದಲ್ಲಿ ಒಮ್ಮೆ ಕುರಿಯ ಭುಜದ ಮಾಂಸವನ್ನಿಟ್ಟು ನೋಡಿದ. ಕೆಲವು ಗಂಟೆಗಳಾದರೂ ಅದು ಬೇಯುವ ಲಕ್ಷಣ ಕಾಣಲಿಲ್ಲ. ಸೋತೆನೆಂದುಕೊಂಡು ಅಡಿಗೆಯವರಿಗೆ ಒಪ್ಪಿಸಿದ. ಅವರು ಹೊತ್ತಾಯಿತೆಂದು ಅದನ್ನು ಒಳಗೇ ಬಿಟ್ಟು ಮಲಗಿದರು. ಬೆಳಗಾಗುವಷ್ಟರಲ್ಲಿ ಮಾಂಸ ಹದವಾಗಿ ಬೆಂದು, ಬೆಣ್ಣೆಯಂತೆ ಮೆದುವಾಗಿತ್ತು. ಮನೆಯ ಹೊಗೆಯನ್ನು ಹೊರಗೆಳೆಯುವ ಚಿಮಣಿಯನ್ನು ಸುಧಾರಿಸಿದವನೂ ಈ ರಂಫೋರ್ಡನೇ. ಹೊಗೆಯನ್ನು ಓಡಿಸಿ ಓವನ್ನನ್ನು ತಂದವನು ಒಬ್ಬನೇ ಆದದ್ದು ವಿಚಿತ್ರವಾದರೂ ಸಹಜ.

ಬಾಣಲೆ ಏಕೆ ಸೋಲುತ್ತದೆ

ಬೇಕನ್ನಿನ ಪಟ್ಟಿಯಲ್ಲಿ ಎರಡು ವಸ್ತುಗಳಿವೆ: ಕೆಂಪು ಮಾಂಸ ಮತ್ತು ಬಿಳಿಯ ನೆಣ. ‘ಕೊಬ್ಬು’ ಎಂಬ ಪದ ಈಗ ಅಹಂಕಾರಕ್ಕೂ ರೋಗಕ್ಕೂ ಹೆಚ್ಚಾಗಿ ಸಲ್ಲುತ್ತಿರುವುದರಿಂದ, ಅಡಿಗೆಯ ಮಾತಿನಲ್ಲಿ ‘ನೆಣ’ವನ್ನು ಉಳಿಸಿಕೊಳ್ಳುವುದು ಲೇಸು. ಹಳೆಯ ಕವಿಗಳು ಕಾಳಗದ ವರ್ಣನೆಯಲ್ಲಿ ಧಾರಾಳವಾಗಿ ಬಳಸಿದ ಈ ಪದವನ್ನು ಮಾಂಸದಡಿಗೆಯ ಮನೆಗಳು ಇನ್ನೂ ಬಿಟ್ಟಿಲ್ಲ. ಮಾಂಸ ಬಲುಬೇಗ ಮುದುಡಿ ಒಣಗುತ್ತದೆ. ನೆಣಕ್ಕೆ ಕರಗಿ ಹೊರಬರಲು ಸಮಯ ಬೇಕು. ಬೇಕನ್ನಿನ ಅಡಿಗೆಯೆಲ್ಲ ಈ ಇಬ್ಬರ ನಡುವಿನ ರಾಜಿ.

ಬಾಣಲೆಯಲ್ಲಿ ಕಾವು ಕೆಳಗಿನಿಂದ ಮಾತ್ರ ಬರುತ್ತದೆ. ಮಾಂಸ ಮುದುಡಿದೊಡನೆ ಪಟ್ಟಿ ಸುರುಳಿಯಾಗಿ ಮೇಲೇಳುತ್ತದೆ. ತಳ ಮುಟ್ಟಿದ ಕಡೆ ಕರಿಕು, ಮುಟ್ಟದ ಕಡೆ ಹಸಿ. ಒಳಗಿನ ನೀರು ಬಿಸಿ ನೆಣಕ್ಕೆ ತಾಗಿ ಚಟಪಟನೆ ಸಿಡಿದು, ಕೈ, ಗೋಡೆ, ಸೀರೆಯ ಸೆರಗು ಎಲ್ಲಕ್ಕೂ ಪ್ರಸಾದ ಹಂಚುತ್ತದೆ. ನಾಲ್ಕು ಪಟ್ಟಿಗೆ ಜಾಗ. ಮನೆಯಲ್ಲಿ ಆರು ಮಂದಿ. ಓವನ್ನಿನಲ್ಲಾದರೋ ಮೇಲಿನಿಂದ, ಕೆಳಗಿನಿಂದ, ಸುತ್ತಲಿನ ಬಿಸಿಗಾಳಿಯಿಂದ ಕಾವು ಒಮ್ಮೆಗೇ ತಟ್ಟುತ್ತದೆ. ಕರಗಿದ ನೆಣ ತಟ್ಟೆಯಲ್ಲಿ ಹರಡಿ ಪಟ್ಟಿಗಳನ್ನು ತನ್ನಲ್ಲಿಯೇ ಮೆಲ್ಲಗೆ ಕರಿಯುತ್ತದೆ. ತಿರುವಿಹಾಕುವ ಕೆಲಸವಿಲ್ಲ. ಹನ್ನೆರಡು ಪಟ್ಟಿಗಳು ಒಂದೇ ಹದಕ್ಕೆ ಬರುತ್ತವೆ. ವಾಸನೆ ಪೂರ್ತಿಯಾಗಿ ಅಡಗುವುದಿಲ್ಲವೆಂದು ಒಪ್ಪಬೇಕು. ಆದರೆ ಬಾಣಲೆಯಿಂದೇಳುವ ನೀಲಿ ಹೊಗೆ ಬೀದಿಗೆ ಹೋಗಿ ಸಾರುವಷ್ಟು ಗಟ್ಟಿಯಾಗಿ ಓವನ್ ಸಾರುವುದಿಲ್ಲ. ಕಿಟಕಿ ಮುಚ್ಚುವ ಮನೆಗಳಲ್ಲಿ ಇದೊಂದು ಸಣ್ಣ ಅನುಕೂಲವಲ್ಲ.

ಮಾಡುವ ಕ್ರಮ ಕಷ್ಟದ್ದಲ್ಲ. ತಟ್ಟೆಗೆ ನಾಲ್ಕೂ ಕಡೆ ಅಂಚಿರಬೇಕು. ಇದನ್ನು ಮರೆಯಲೇಬಾರದು: ಅಂಚಿಲ್ಲದ ತಟ್ಟೆಯಿಂದ ನೆಣ ಇಳಿದು ಕೆಂಪಗೆ ಕಾದ ಸರಳಿನ ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ. ಹಾಗೆ ಹೊತ್ತಿಕೊಂಡರೆ ಬಾಗಿಲು ತೆರೆಯದೆ ವಿದ್ಯುತ್ತನ್ನು ನಿಲ್ಲಿಸಬೇಕು. ಗಾಳಿ ಸಿಗದೆ ಬೆಂಕಿ ತಾನೇ ಆರುತ್ತದೆ. ನೀರು ಎರಚಿದರೆ ಅನಾಹುತ. ತಟ್ಟೆಯ ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಅಂಚಿನವರೆಗೆ ಹಾಸಿದರೆ ತೊಳೆಯುವ ಶ್ರಮ ಉಳಿಯುತ್ತದೆ. ಪಟ್ಟಿಗಳನ್ನು ಒಂದರ ಮೇಲೊಂದು ಬೀಳದಂತೆ ಸಾಲಾಗಿ ಮಲಗಿಸಬೇಕು. ಎಣ್ಣೆ ಬೇಡ, ಉಪ್ಪು ಬೇಡ. ಎರಡೂ ಅದರಲ್ಲಿಯೇ ಬೇಕಾದುದಕ್ಕಿಂತ ಹೆಚ್ಚಾಗಿವೆ.

ಕಾವು ೨೦೦ ಡಿಗ್ರಿ ಸೆಲ್ಸಿಯಸ್. ಮೊದಲೇ ಕಾಯಿಸಿದ ಓವನ್ನಿನಲ್ಲಿಡಬೇಕೋ, ತಣ್ಣಗಿರುವಾಗಲೇ ಇಟ್ಟು ಕಾಯಿಸಬೇಕೋ ಎಂಬ ವಿಷಯದಲ್ಲಿ ಬಲ್ಲವರೊಳಗೆ ಎರಡು ಪಂಥಗಳಿವೆ. ತಣ್ಣನೆಯ ಓವನ್ನಿನ ಪಂಥವೇ ಮಲೆನಾಡಿನ ಬುದ್ಧಿಗೆ ಹತ್ತಿರವಾದದ್ದು: ಕಾವು ಮೆಲ್ಲಮೆಲ್ಲನೆ ಏರುವುದರಿಂದ ಮಾಂಸ ಬಿಗಿಯುವ ಮೊದಲೇ ನೆಣ ಕರಗತೊಡಗುತ್ತದೆ, ಪಟ್ಟಿ ಸೊಟ್ಟಗಾಗದೆ ಮಲಗಿರುತ್ತದೆ. ತೆಳು ಪಟ್ಟಿಗೆ ಹದಿನೈದರಿಂದ ಇಪ್ಪತ್ತು ನಿಮಿಷ, ದಪ್ಪ ಪಟ್ಟಿಗೆ ಇನ್ನೂ ಐದು ಹೆಚ್ಚು. ಸಣ್ಣ ಓವನ್ನಿನಲ್ಲಿ ಮೇಲಿನ ಸರಳು ಬಲು ಹತ್ತಿರವಿರುವುದರಿಂದ ತಟ್ಟೆಯನ್ನು ನಡುವಿನ ಮೆಟ್ಟಿಲಿನಲ್ಲಿಡಬೇಕು. ಹತ್ತನೆಯ ನಿಮಿಷದಿಂದ ಗಾಜಿನಲ್ಲಿ ಕಣ್ಣಿಟ್ಟಿರಬೇಕು. ಮೊದಲು ಪಟ್ಟಿಯಲ್ಲಿನ ನೀರು ಆವಿಯಾಗಬೇಕು. ನೀರಿರುವ ತನಕ ಅದರ ಕಾವು ೧೦೦ ಡಿಗ್ರಿಯ ಆಸುಪಾಸಿನಲ್ಲಿಯೇ ತಡವರಿಸುತ್ತದೆ. ನೀರು ಮುಗಿದೊಡನೆ ಹೊಂಬಣ್ಣ ಧಾವಿಸಿ ಬರುತ್ತದೆ. ಕೊನೆಯ ಎರಡು ನಿಮಿಷಗಳಲ್ಲಿ ಹೊನ್ನು ಇದ್ದಿಲಾಗುವುದು ಹೀಗೆ. ತುಸು ಮೆತ್ತಗಿರುವಾಗಲೇ ಹೊರತೆಗೆದರೆ, ಹಪ್ಪಳದಂತೆ, ಆರುವಾಗ ತಾನಾಗಿ ಗರಿಗರಿಯಾಗುತ್ತದೆ.

ಕರಿಕಾಗದಂತೆ ನೋಡಿಕೊಳ್ಳಬೇಕೆಂಬುದು ರುಚಿಯ ಮಾತಷ್ಟೇ ಅಲ್ಲ. ಬೇಕನ್ನಿನ ಆ ಕೆಂಪು ಬಣ್ಣಕ್ಕೆ ಕಾರಣ ಉಪ್ಪಿನೊಡನೆ ಬೆರೆಸಿದ ನೈಟ್ರೈಟ್. ಹಿಂದಿನವರು ಇದಕ್ಕೆ ಮದ್ದಿನ ಪುಡಿಯ ಪೆಟ್ಲುಪ್ಪನ್ನು ಬಳಸುತ್ತಿದ್ದರು. ಅದು ಮಾಂಸದಲ್ಲಿ ಪ್ರಾಣಾಂತಿಕವಾದ ವಿಷ ಹುಟ್ಟದಂತೆ ಕಾಯುತ್ತದೆ. ಅದೇ ನೈಟ್ರೈಟ್ ಅತಿಯಾದ ಕಾವಿನಲ್ಲಿ ನೈಟ್ರೋಸಮೀನ್ ಎಂಬ ಕೆಟ್ಟ ಸಂಯುಕ್ತಗಳಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೧೫ರಲ್ಲಿ ಸಂಸ್ಕರಿಸಿದ ಮಾಂಸವನ್ನು ಮನುಷ್ಯನಿಗೆ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿತು. ದಿನವೂ ೫೦ ಗ್ರಾಂ ತಿನ್ನುವವರಿಗೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ೧೮ರಷ್ಟು ಪ್ರತಿಶತ ಹೆಚ್ಚುತ್ತದೆಂದು ಅದರ ಲೆಕ್ಕ. ತಂಬಾಕನ್ನೂ ಇದೇ ಪಟ್ಟಿಯಲ್ಲಿಟ್ಟಿರುವುದರಿಂದ ಎರಡರ ಅಪಾಯವೂ ಒಂದೇ ಎಂದು ಗಾಬರಿಯಾದವರುಂಟು. ಪಟ್ಟಿ ಹೇಳುವುದು ಸಾಕ್ಷ್ಯ ಎಷ್ಟು ಖಚಿತವೆಂಬುದನ್ನು, ಕೇಡು ಎಷ್ಟು ದೊಡ್ಡದೆಂಬುದನ್ನಲ್ಲ. ಆದರೂ ದಿನದಿನದ ಉಪಾಹಾರಕ್ಕೆ ಬೇಕನ್ ತಿನ್ನುವ ಇಂಗ್ಲಿಷರ ಚಾಳಿಯನ್ನು ಅನುಕರಿಸುವುದಕ್ಕಿಂತ, ಹಂದಿಯನ್ನು ಹಬ್ಬಕ್ಕೆ ಮೀಸಲಿಟ್ಟ ಮಲೆನಾಡಿನವರ ಪದ್ಧತಿಯೇ ಮೇಲು. ರಕ್ತದೊತ್ತಡವಿರುವ ಹಿರಿಯರ ತಟ್ಟೆಗೆ ಅದು ಬೀಳದಿದ್ದರೆ ಇನ್ನೂ ಮೇಲು.

ತಟ್ಟೆಯಲ್ಲಿ ಉಳಿದ ನೆಣವನ್ನು ಬಚ್ಚಲಿಗೆ ಚೆಲ್ಲುವವರು ಮರುದಿನ ಕೊಳಾಯಿ ರಿಪೇರಿಯವನನ್ನು ಕರೆಯಬೇಕಾಗುತ್ತದೆ. ಅದು ಕೊಳವೆಯಲ್ಲಿ ಮೇಣದಂತೆ ಹೆಪ್ಪುಗಟ್ಟುತ್ತದೆ. ಬಿಸಿ ಸ್ವಲ್ಪ ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಸ್ಟೀಲಿನ ಡಬ್ಬಿಯಲ್ಲಿ ತುಂಬಿ, ಫ್ರಿಜ್ಜಿನಲ್ಲಿಟ್ಟರೆ ಕೆಲವು ವಾರ ಕೆಡದೆ ಉಳಿಯುತ್ತದೆ. ಹಳ್ಳಿಯ ಮನೆಗಳಲ್ಲಿ ‘ಹಂದಿ ತುಪ್ಪ’ವೆಂದು ಕಾಯಿಸಿ ಇಡುತ್ತಿದ್ದುದು ಇದರ ಅಕ್ಕನೇ, ಈ ತಂಗಿಗೆ ಉಪ್ಪೂ ಹೊಗೆಯೂ ಹೆಚ್ಚು. ಕಾದ ಕಾವಲಿಗೆ ಇದನ್ನು ಅರ್ಧ ಚಮಚ ಸವರಿ ಅಕ್ಕಿರೊಟ್ಟಿಯನ್ನು ಹಾಕಿದರೆ, ಅಂಚು ಗರಿಗರಿಯಾಗಿ, ಅಟ್ಟದ ಅಡಿಯಲ್ಲಿ ಕುಳಿತು ಉಂಡ ಕಾಲದ ಪರಿಮಳ ಏಳುತ್ತದೆ. ಬೇಕನ್ನಿನ ಪಟ್ಟಿಗಳನ್ನು ಚೂರು ಮಾಡಿ, ಹಸಿಮೆಣಸು ಈರುಳ್ಳಿಗಳೊಡನೆ ಬಾಡಿಸಿ, ನಿಂಬೆಯ ಹುಳಿ ಹಿಂಡಿ, ಮುರಿದ ಬಿಸಿ ಕಡುಬಿನ ಮೇಲೆ ಹರಡುವುದೂ ಉಂಟು. ಹುಳಿಗೆ ಕೊಡಗಿನ ಕಾಚಂಪುಳಿ ಸಿಕ್ಕರೆ ನಿಂಬೆಯನ್ನು ಮರೆಯಬಹುದು. ಒಂದೆರಡು ತೊಟ್ಟು ಸಾಕು, ಅದರ ಹುಳಿ ಬಲು ಚುರುಕು. ಕಾಚಂಪುಳಿ ಬರುವುದು ಮಲೆನಾಡಿನ ಉಪ್ಪಾಗೆಯ ಬಳಗದ ಹಣ್ಣಿನಿಂದಲೇ. ಅಟ್ಟದ ಮೇಲೆ ಒಣಗುತ್ತಿದ್ದ ಉಪ್ಪಾಗೆಯ ಸಿಪ್ಪೆ ಮನೆಯಲ್ಲಿ ಇನ್ನೂ ಉಳಿದಿದ್ದರೆ, ಅದನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಯಿಸಿ ಕಿವುಚಿದ ರಸವೂ ಆದೀತು.